ಮೆಂತ್ಯದ ನೀರು ಕುಡಿದು ಕಾಳು ಎಸೆಯುತ್ತೀರಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಡುಗೆಮನೆಯ ಸಾಂಬಾರ ಪದಾರ್ಥಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಮೆಂತ್ಯದ್ದೇ ರಾಶಿ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಮೆಂತ್ಯಕ್ಕೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಊರಿನ ಹೆಸರು ಮಾತ್ರ ಇದೆ.

ಪ್ರಶ್ನೆ: ನನಗೆ 52 ವರ್ಷ, ಶುಗರ್ ಇದೆ. ಮಾತ್ರೆ ತೆಗೆದುಕೊಳ್ಳುತ್ತೇನೆ. ಅದರ ಜೊತೆಗೆ ರಾತ್ರಿ ಒಂದು ಚಮಚ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ನೀರು ಕುಡಿಯುತ್ತಿದ್ದೇನೆ. ತಿಂಗಳುಗಟ್ಟಲೆ ಕುಡಿದರೂ ಶುಗರ್ ಅಷ್ಟೇ ಇದೆ. ನಮ್ಮ ಓಣಿಯಲ್ಲಿ ಎಲ್ಲರೂ ಇದರಿಂದ ಕಡಿಮೆಯಾಯಿತು ಅಂತಾರೆ. ನನಗೇ ಯಾಕೆ ಹಿಡಿಯುತ್ತಿಲ್ಲ?
ಓದುಗರು, ದಾವಣಗೆರೆ

ಉತ್ತರ: ನೀರು ಕುಡಿದ ಮೇಲೆ ಆ ಕಾಳನ್ನು ಏನು ಮಾಡುತ್ತೀರಿ? ಪತ್ರದಲ್ಲಿ ಬರೆದಿಲ್ಲ. ಬಹಳ ಜನ ಅದನ್ನು ಗಿಡದ ಬುಡಕ್ಕೆ ಸುರಿಯುತ್ತಾರೆ. ನೀವೂ ಹಾಗೆ ಮಾಡುತ್ತಿದ್ದರೆ ಕೆಲಸಕ್ಕೆ ಬರುವ ಭಾಗವೆಲ್ಲ ಗಿಡಕ್ಕೆ ಹೋಗುತ್ತಿದೆ, ನಿಮಗೆ ಬರೀ ಕಹಿ ಸಿಗುತ್ತಿದೆ.

ಮೆಂತ್ಯ ಸಕ್ಕರೆಯ ಮೇಲೆ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಅದರ ನಾರಿನದು. ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಾರೇ ಇರುತ್ತದೆ. ಅದರಲ್ಲಿ ಒಂದು ಭಾಗ ನೀರು ಹೀರಿಕೊಂಡು ಲೋಳೆಯಾಗುವಂಥದ್ದು, ಗ್ಯಾಲಕ್ಟೊಮನ್ನನ್ ಅಂತ ಅದರ ಹೆಸರು. ನೆನೆದ ಕಾಳನ್ನು ಬೆರಳಲ್ಲಿ ಹಿಸುಕಿದರೆ ಜಾರುತ್ತದಲ್ಲ, ಅದೇ. ಈ ಲೋಳೆ ಊಟದ ಜೊತೆ ಹೊಟ್ಟೆಗೆ ಹೋದಾಗ ಊಟ ಮುಂದೆ ಸಾಗುವುದು ನಿಧಾನವಾಗುತ್ತದೆ, ಅನ್ನ ಮುದ್ದೆ ರೊಟ್ಟಿಯಲ್ಲಿರುವ ಪಿಷ್ಟ ಸಕ್ಕರೆಯಾಗಿ ರಕ್ತಕ್ಕೆ ಸೇರುವುದೂ ನಿಧಾನವಾಗುತ್ತದೆ, ಹಾಗಾಗಿ ಊಟವಾದ ಮೇಲೆ ಶುಗರ್ ಒಮ್ಮೆಲೇ ಜಿಗಿಯುವುದಿಲ್ಲ. ಇದರ ಜೊತೆಗೆ ಮೆಂತ್ಯದಲ್ಲಿ ಒಂದು ವಿಶೇಷ ಅಮೈನೋ ಆಮ್ಲವೂ ಇದೆ. ಅದು ಇನ್ಸುಲಿನ್ ಬಿಡುಗಡೆಗೆ ಸಹಾಯ ಮಾಡುತ್ತದೆ ಅಂತ ಪ್ರಯೋಗಾಲಯದಲ್ಲಿ, ಪ್ರಾಣಿಗಳಲ್ಲಿ ಕಂಡಿದ್ದಾರೆ. ಆದರೂ ನಿಮ್ಮ ತಟ್ಟೆಯ ಮಟ್ಟಿಗೆ ನಾರೇ ಮುಖ್ಯ. ನೆನೆಸಿದ ನೀರಿಗೆ ಸ್ವಲ್ಪ ಲೋಳೆ, ಸ್ವಲ್ಪ ಬಣ್ಣ, ಸ್ವಲ್ಪ ಕಹಿ ಇಳಿಯುತ್ತದೆ. ಹೆಚ್ಚಿನ ನಾರು ಕಾಳಿನಲ್ಲೇ ಉಳಿಯುತ್ತದೆ.

ಇನ್ನು ಪ್ರಮಾಣ. ಮೆಂತ್ಯಕ್ಕೆ ಶುಗರ್ ವಿಷಯದಲ್ಲಿ ಇಷ್ಟು ಹೆಸರು ಬಂದಿರುವುದರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳ ಪಾಲು ದೊಡ್ಡದು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟೈಪ್ 1 ಮಧುಮೇಹ (ಮೈಯಲ್ಲಿ ಇನ್ಸುಲಿನ್ ತಯಾರಾಗದ ಥರದ್ದು) ಇದ್ದವರಿಗೆ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ ಕೊಟ್ಟರು, ಮಧ್ಯಾಹ್ನದ ಊಟದಲ್ಲಿ ಅರ್ಧ, ರಾತ್ರಿ ಊಟದಲ್ಲಿ ಅರ್ಧ. ಖಾಲಿ ಹೊಟ್ಟೆಯ ಶುಗರ್ ಇಳಿಯಿತು, ಮೂತ್ರದಲ್ಲಿ ಹೋಗುವ ಸಕ್ಕರೆ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು, ಕೊಲೆಸ್ಟ್ರಾಲ್ ಕೂಡ ಇಳಿಯಿತು. ಅವರ ಮುಂದಿನ ಪ್ರಯೋಗಗಳಲ್ಲಿ ಟೈಪ್ 2 (ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್) ಇದ್ದವರಿಗೆ ದಿನಕ್ಕೆ 25 ಗ್ರಾಂ ಕೊಟ್ಟರು. ನಿಮ್ಮ ಮನೆಯ ಟೀ ಚಮಚದಲ್ಲಿ ಮೆಂತ್ಯ ಎಷ್ಟು ಹಿಡಿಯುತ್ತದೆ? ಸುಮಾರು 4 ಗ್ರಾಂ. ಅಂದರೆ 25 ಗ್ರಾಂ ಅಂದರೆ ಆರು ಚಮಚ, 100 ಗ್ರಾಂ ಅಂದರೆ 25 ಚಮಚ! ಒಂದು ಚಮಚ ಕಾಳಿನ ನೀರಿಗೂ ಇದಕ್ಕೂ ಎಲ್ಲಿಂದೆಲ್ಲಿಗೆ ಹೋಲಿಕೆ.

ಹಾಗಂತ ನಾಳೆಯಿಂದಲೇ ಆರು ಚಮಚ ತಿನ್ನಲು ಹೋಗಬೇಡಿ, ಹೊಟ್ಟೆ ಉಬ್ಬಿ ಇಡೀ ದಿನ ಒದ್ದಾಡುತ್ತೀರಿ. ಮಧ್ಯಮ ದಾರಿ ಒಂದಿದೆ. 2015ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಶುಗರ್ ಇನ್ನೂ ಗಡಿಯಲ್ಲಿದ್ದ, ಅಂದರೆ ಪ್ರೀಡಯಾಬಿಟೀಸ್ ಇದ್ದ ಜನರಲ್ಲಿ ಒಂದು ಗುಂಪಿಗೆ ಊಟಕ್ಕೆ ಮುಂಚೆ 5 ಗ್ರಾಂನಂತೆ ದಿನಕ್ಕೆ ಎರಡು ಸಲ ಮೆಂತ್ಯದ ಪುಡಿ ಕೊಟ್ಟು ಮೂರು ವರ್ಷ ನೋಡಿದರು. ತಿಂದವರಲ್ಲಿ ಶುಗರ್ ಕಾಯಿಲೆಗೆ ತಿರುಗಿದವರು ತಿನ್ನದವರಿಗಿಂತ ಕಡಿಮೆ. ಇದ್ದವರು 140 ಜನ ಅಷ್ಟೇ, ಚಿಕ್ಕ ಅಧ್ಯಯನ, ಇದರ ಮೇಲೆ ದೊಡ್ಡ ಕೋಟೆ ಕಟ್ಟುವುದು ಬೇಡ. ಆದರೆ 10 ಗ್ರಾಂ, ಅಂದರೆ ಎರಡೂವರೆ ಚಮಚ, ಮನೆಯಲ್ಲಿ ದಿನಾ ತಿನ್ನಬಹುದಾದ ಪ್ರಮಾಣ ಅಲ್ವಾ?

ನೀವು ಮಾಡಬೇಕಾದ್ದು ಇಷ್ಟು. ರಾತ್ರಿ ಒಂದು ಚಮಚ ನೆನೆಸಿ, ಬೆಳಿಗ್ಗೆ ನೀರು ಸಮೇತ ರುಬ್ಬಿ, ಮಜ್ಜಿಗೆಗೆ ಹಾಕಿ ತಿಂಡಿಯ ಜೊತೆ ಕುಡಿಯಿರಿ. ಅಗಿಯಲು ಬಂದರೆ ಹಾಗೇ ಅಗಿದು ತಿನ್ನಿ. ಖಾಲಿ ಹೊಟ್ಟೆಯೇ ಆಗಬೇಕು ಅಂತೇನಿಲ್ಲ. ಊಟದ ಸಕ್ಕರೆಯನ್ನು ತಡೆಯಬೇಕಾದ ವಸ್ತು ಊಟದ ಹೊತ್ತಿಗೆ ಹೊಟ್ಟೆಯಲ್ಲಿರಬೇಕು. ಒಂದೆರಡು ವಾರ ಹೊಟ್ಟೆ ಒಪ್ಪಿದರೆ ರಾತ್ರಿ ಊಟಕ್ಕೂ ಒಂದು ಚಮಚ ಸೇರಿಸಿ. ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿಯೇ ಶುರು ಮಾಡಿ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ಮಾಡಿಸಿ ನೋಡಿ, ಆಗ ನಿಮಗೆ ಹಿಡಿಯಿತೋ ಇಲ್ಲವೋ ಲೆಕ್ಕ ಸಿಗುತ್ತದೆ. ಓಣಿಯವರ ಮಾತು ಬಿಡಿ, ಅವರಲ್ಲಿ ಎಷ್ಟು ಜನ ಅದೇ ಹೊತ್ತಿಗೆ ವಾಕಿಂಗ್ ಶುರು ಮಾಡಿದ್ದರೋ, ಚಹಾಕ್ಕೆ ಸಕ್ಕರೆ ಬಿಟ್ಟಿದ್ದರೋ ಯಾರಿಗೆ ಗೊತ್ತು.

ಪ್ರಶ್ನೆ: ನಮ್ಮ ಅವ್ವಗೆ ಶುಗರ್ ಬಂದು ಬಹಳ ವರ್ಷ ಆಯಿತು. ಈಗ ಯಾರೋ ಹೇಳಿದರು ಅಂತ ಮಾತ್ರೆ ಪೂರ್ತಿ ಬಿಟ್ಟು ಬರೀ ಮೆಂತ್ಯದ ಪುಡಿ ತಿನ್ನುತ್ತಿದ್ದಾರೆ. "ಇಂಗ್ಲಿಷ್ ಗುಳಿಗೆ ತಿಂದ್ರ ಕಿಡ್ನಿ ಹೋಗ್ತಾವ" ಅಂತಾರೆ. ನಮ್ಮ ಮಾತು ಕೇಳುವುದಿಲ್ಲ, ನೀವಾದರೂ ಬರೆಯಿರಿ.
ಓದುಗರು, ಹುಬ್ಬಳ್ಳಿ

ಉತ್ತರ: ಅವ್ವಗೆ ಇದನ್ನು ಓದಿ ಹೇಳಿ. ಅವ್ವಾ, ಕಿಡ್ನಿ ಹಾಳಾಗುವುದು ಹತೋಟಿಯಲ್ಲಿ ಇಲ್ಲದ ಶುಗರ್‌ನಿಂದ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕಿಡ್ನಿಯ ಸಣ್ಣ ರಕ್ತನಾಳಗಳು ಕೆಡುತ್ತವೆ, ಕಣ್ಣು ಕೆಡುತ್ತದೆ, ಕಾಲಿನ ಸ್ಪರ್ಶ ಹೋಗುತ್ತದೆ. ಮಾತ್ರೆ ಕೊಡುವುದೇ ಇದನ್ನು ತಡೆಯಲು. ಕಿಡ್ನಿ ಮೊದಲೇ ಸೋತಿದ್ದರೆ ಕೆಲವು ಮಾತ್ರೆಗಳ ಪ್ರಮಾಣ ತಗ್ಗಿಸಬೇಕಾಗುತ್ತದೆ, ಅದು ನಿಜ. ಅದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಮಾಡುತ್ತಾರೆ.

ಮೇಲೆ ಹೇಳಿದ ಹೈದರಾಬಾದಿನ ಪ್ರಯೋಗದಲ್ಲೂ ಟೈಪ್ 1 ಇದ್ದವರ ಇನ್ಸುಲಿನ್ ನಿಲ್ಲಿಸಿ ಬರೀ ಮೆಂತ್ಯ ಕೊಡಲಿಲ್ಲ. ಅವರ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ, ಸೂಜಿ ಬಿಟ್ಟರೆ ಕೆಲವೇ ದಿನದಲ್ಲಿ ಜೀವಕ್ಕೆ ಅಪಾಯ. ಚಿಕ್ಕ ಮಕ್ಕಳಿಗೆ ಶುಗರ್ ಇರುವ ಮನೆಯವರು ಇದನ್ನು ಎರಡು ಸಲ ಓದಿ.

ಇನ್ನೊಂದು ಕಡೆಯೂ ಇದೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾ ಮೆಂತ್ಯವನ್ನೂ ಜಾಸ್ತಿ ತಿಂದು, ಊಟ ಕಡಿಮೆ ಮಾಡಿದರೆ ಶುಗರ್ ತೀರಾ ಕೆಳಗೆ ಇಳಿಯಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದವರಿಗೆ ಈ ಭಯ ಜಾಸ್ತಿ. ಕೈ ನಡುಕ, ಬೆವರು, ಎದೆ ಬಡಿತ, ತಲೆ ಸುತ್ತು ಬಂದರೆ ತಕ್ಷಣ ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಯಬೇಕು, ಆಮೇಲೆ ಶುಗರ್ ನೋಡಿಕೊಳ್ಳಬೇಕು. ಅವ್ವನನ್ನು ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡಬೇಡಿ. ಮೆಂತ್ಯ ಬೇಡ ಅಂತ ಯಾರೂ ಹೇಳುವುದಿಲ್ಲ, ಮಾತ್ರೆಯ ಜೊತೆ ತಿನ್ನಲಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆಯೂ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮೆಂತ್ಯವೂ ಖಾಲಿ ಹೊಟ್ಟೆಗೆ. ಯಾವುದು ಮೊದಲು?
ಓದುಗರು, ತುಮಕೂರು

ಉತ್ತರ: ಮಾತ್ರೆ ಮೊದಲು, ಮೆಂತ್ಯ ಬೆಳಿಗ್ಗೆ ಬೇಡವೇ ಬೇಡ. ಥೈರಾಯ್ಡ್ ಮಾತ್ರೆ ಬಹಳ ನಾಜೂಕು, ಅರ್ಧ ಗಂಟೆಯಿಂದ ಒಂದು ಗಂಟೆ ಹೊಟ್ಟೆಯಲ್ಲಿ ನೀರು ಬಿಟ್ಟು ಬೇರೇನೂ ಇರಬಾರದು ಅನ್ನುವುದು ಅದಕ್ಕೇ. ನಾರು ಜಾಸ್ತಿ ಇರುವ ಪದಾರ್ಥ ಜೊತೆಗೆ ಸಿಕ್ಕರೆ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮೆಂತ್ಯವನ್ನು ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನ್) ಸುಮ್ನೆ ಏರುತ್ತಿದೆ, ಡಾಕ್ಟರು ಮಾತ್ರೆ ಜಾಸ್ತಿ ಮಾಡುತ್ತಲೇ ಇದ್ದಾರೆ ಅನ್ನುವವರು ತಮ್ಮ ಬೆಳಗಿನ ಲೋಟದಲ್ಲಿ ಏನೇನಿದೆ ಅಂತ ಒಮ್ಮೆ ನೋಡಿಕೊಳ್ಳಿ. ಕಾಫಿ ಕೂಡ ಮಾತ್ರೆಯ ಬೆನ್ನಿಗೇ ಬೇಡ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಂತ ಟೊರಾಂಟೊಗೆ ಬಂದಿದ್ದೇನೆ, ನಮ್ಮದು ಉಡುಪಿ ಕಡೆ. ದಿನಾ ಮೆಂತೆ ಗಂಜಿ ಮಾಡಿ ಕೊಡುತ್ತಿದ್ದೇನೆ, ಉಂಡೆಯನ್ನೂ ಮಾಡಿದ್ದೇನೆ. ಈಗ ಮಗಳ ಬೆವರಿಗೂ ಮಗುವಿನ ಬಟ್ಟೆಗೂ ಒಂಥರಾ ಬೆಲ್ಲದ ಪಾಕದ ವಾಸನೆ. ಮಗಳು ಗಾಬರಿಯಾಗಿದ್ದಾಳೆ. ಮೆಂತ್ಯದಿಂದ ಹೀಗಾಗುತ್ತದಾ? ಹಾಲು ಜಾಸ್ತಿ ಆಗುವುದು ನಿಜವೇ?
ಓದುಗರು, ಕೆನಡಾ

ಉತ್ತರ: ಹೌದು ಅಮ್ಮ, ಮೆಂತ್ಯದಿಂದ ಹೀಗಾಗುತ್ತದೆ. ಮೆಂತ್ಯದ ಆ ಘಮಕ್ಕೆ ಕಾರಣ ಸೊಟೊಲೋನ್ ಅನ್ನುವ ವಸ್ತು. ತಿಂದದ್ದು ಬೆವರಲ್ಲಿ, ಮೂತ್ರದಲ್ಲಿ ಹಾಗೇ ಹೊರಗೆ ಬರುತ್ತದೆ. ನೀವಿರುವ ದೇಶದಲ್ಲಿ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡಿ ದೋಸೆಯಂಥ ಪ್ಯಾನ್‌ಕೇಕಿಗೆ ಸುರಿದುಕೊಳ್ಳುತ್ತಾರಲ್ಲ, ಆ ಪಾಕದಲ್ಲೂ ಇದೇ ವಾಸನೆ. ಈ ಘಮ ಎಷ್ಟು ದೂರ ಹೋಗುತ್ತದೆ ಅಂದರೆ, 2005ರಿಂದ ನಾಲ್ಕು ವರ್ಷ ನ್ಯೂಯಾರ್ಕ್ ನಗರದಲ್ಲಿ ಆಗಾಗ ಎಲ್ಲಿಂದಲೋ ಮೇಪಲ್ ಪಾಕದ ವಾಸನೆ ಬೀಸುತ್ತಿತ್ತು, ಜನ ಹೆದರಿ ಫೋನ್ ಮಾಡುತ್ತಿದ್ದರು, ಯಾರೋ ವಿಷಾನಿಲ ಬಿಟ್ಟರೇನೋ ಅನ್ನುವವರೆಗೆ ಮಾತು ಹೋಗಿತ್ತು. ಕೊನೆಗೆ 2009ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಅವರೇ ಪತ್ರಿಕಾಗೋಷ್ಠಿ ಕರೆದು ಹೇಳಿದರು, ನದಿಯ ಆಚೆ ನ್ಯೂಜೆರ್ಸಿಯಲ್ಲಿ ಸುವಾಸನೆ ತಯಾರಿಸುವ ಕಾರ್ಖಾನೆ ಮೆಂತ್ಯ ಸಂಸ್ಕರಿಸುತ್ತಿದೆ, ಗಾಳಿ ಈ ಕಡೆ ಬೀಸಿದಾಗ ವಾಸನೆ ಬರುತ್ತದೆ ಅಂತ. ನಮ್ಮ ಸಾರಿನ ಪುಡಿ ಹುರಿಯುವ ದಿನ ಅಕ್ಕಪಕ್ಕದ ಮನೆಗೆ ಗೊತ್ತಾಗುವುದು ದೊಡ್ಡದೇನಲ್ಲ ಬಿಡಿ.

ಆದರೆ ಒಂದು ವಿಷಯದಲ್ಲಿ ಉದಾಸೀನ ಬೇಡ. ನವಜಾತ ಶಿಶುಗಳಿಗೆ ಬರುವ ಒಂದು ಅಪರೂಪದ ಹುಟ್ಟು ಕಾಯಿಲೆ ಇದೆ, ಕೆಲವು ಅಮೈನೋ ಆಮ್ಲಗಳು ಮೈಯಲ್ಲಿ ಕರಗದೆ ಶೇಖರವಾಗುತ್ತವೆ, ಮೂತ್ರಕ್ಕೆ ಇದೇ ಮೇಪಲ್ ಪಾಕದ ವಾಸನೆ ಇರುತ್ತದೆ, ಹೆಸರೂ ಮೇಪಲ್ ಸಿರಪ್ ಯೂರಿನ್ ಡಿಸೀಸ್ ಅಂತಲೇ. ತಾಯಿ ಮೆಂತ್ಯ ಸೇವಿಸಿದ್ದರಿಂದ ಮಗುವಿಗೆ ವಾಸನೆ ಬಂದು, ವೈದ್ಯರು ಈ ಕಾಯಿಲೆ ಇರಬಹುದೆಂದು ಗಾಬರಿಯಿಂದ ಪರೀಕ್ಷೆ ಮಾಡಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಹಾಗಾಗಿ ಮಗುವಿನ ಡಾಕ್ಟರಿಗೆ "ತಾಯಿ ದಿನಾ ಇಷ್ಟು ಮೆಂತ್ಯ ತಿನ್ನುತ್ತಿದ್ದಾಳೆ" ಅಂತ ಬಾಯಿಬಿಟ್ಟು ಹೇಳಿ. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಮಾಡಿದ ಪರೀಕ್ಷೆಯ ಫಲಿತಾಂಶ ಏನು ಬಂತು ಅಂತಲೂ ಕೇಳಿಕೊಳ್ಳಿ. ಮಗು ಹಾಲು ಕುಡಿಯುತ್ತಿಲ್ಲ, ಮಂಪರಾಗಿದೆ, ಅಳು ಒಂಥರಾ ಇದೆ, ಮೈ ಬಿಗಿ ಹಿಡಿಯುತ್ತಿದೆ ಅನ್ನಿಸಿದರೆ ಮೆಂತ್ಯದ ವಾಸನೆಯೇ ಇರಬೇಕು ಅಂತ ಸುಮ್ಮನೆ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಹಾಲಿನ ವಿಷಯ. ಮೆಂತ್ಯ ತಿಂದರೆ ಹಾಲು ಸ್ವಲ್ಪ ಜಾಸ್ತಿಯಾಯಿತು ಅಂತ ಹೇಳುವ ಸಣ್ಣ ಅಧ್ಯಯನಗಳೂ ಇವೆ, ಏನೂ ವ್ಯತ್ಯಾಸ ಕಾಣಲಿಲ್ಲ ಅನ್ನುವವೂ ಇವೆ. ಹಾಲು ಜಾಸ್ತಿ ಆಗಲು ಮುಖ್ಯ ಕಾರಣ ಮಗು ಪದೇ ಪದೇ ಚೀಪುವುದು, ಎದೆ ಖಾಲಿಯಾಗುವುದು, ತಾಯಿಗೆ ನಿದ್ದೆ ಮತ್ತು ಊಟ ಸಿಗುವುದು. ನನ್ನ ಲೆಕ್ಕದಲ್ಲಿ ಮೆಂತೆ ಗಂಜಿಯ ದೊಡ್ಡ ಗುಣ ಬೇರೆಯೇ ಇದೆ. ಅಕ್ಕಿ, ತೆಂಗಿನ ಹಾಲು, ಬೆಲ್ಲ ಸೇರಿದ ಬಿಸಿ ಗಂಜಿ ಹಸಿದ ಬಾಣಂತಿಗೆ ಒಳ್ಳೆಯ ಊಟ, ಜೊತೆಗೆ ಹೆರಿಗೆಯಾದ ಮೇಲೆ ಬಹಳ ಜನರಿಗೆ ಕಾಡುವ ಮಲಬದ್ಧತೆಗೆ ಆ ಲೋಳೆ ನಾರು ಚೆನ್ನಾಗಿ ಕೆಲಸ ಮಾಡುತ್ತದೆ. ಮಗಳಿಗೆ ಬಸುರಿನಲ್ಲಿ ಶುಗರ್ ಬಂದಿದ್ದರೆ ಬೆಲ್ಲಕ್ಕೆ ಕಡಿವಾಣ ಹಾಕಿ. ವಾಸನೆ ಮಗಳಿಗೆ ಹಿಂಸೆ ಅನಿಸಿದರೆ ಮೆಂತ್ಯ ಕೆಲವು ದಿನ ನಿಲ್ಲಿಸಿ ನೋಡಿ, ಬಟ್ಟೆಯ ಘಮ ಹೋಗುತ್ತದೆ. ಹೋಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಈಗ ನಾಲ್ಕನೇ ತಿಂಗಳು. ಮೆಂತ್ಯ ತಿನ್ನಬಹುದಾ?
ಓದುಗರು, ಮಂಡ್ಯ

ಉತ್ತರ: ದೋಸೆ ಹಿಟ್ಟಿಗೆ, ಹುಳಿ ಪುಡಿಗೆ, ಉಪ್ಪಿನಕಾಯಿಗೆ ಹಾಕುವಷ್ಟು ಧಾರಾಳವಾಗಿ ತಿನ್ನಿ. ಸೊಪ್ಪಿನ ಪಲ್ಯವೂ ಆಗಬಹುದು. ಔಷಧಿಯ ಹಾಗೆ ಚಮಚಗಟ್ಟಲೆ ಪುಡಿ, ಕ್ಯಾಪ್ಸೂಲು ಬೇಡ. ಜಾಸ್ತಿ ಪ್ರಮಾಣದಲ್ಲಿ ಮೆಂತ್ಯ ಗರ್ಭಕೋಶವನ್ನು ಕೆರಳಿಸಬಹುದು ಅನ್ನುವ ಎಚ್ಚರಿಕೆ ಹಿಂದಿನಿಂದಲೂ ಇದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲೂ ಒಳ್ಳೆಯ ಸುದ್ದಿ ಬಂದಿಲ್ಲ.

ಪ್ರಶ್ನೆ: ಮಗನಿಗೆ ಕಡಲೆಕಾಯಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ, ಒಮ್ಮೆ ಉಸಿರು ಕಟ್ಟಿತ್ತು. ಮೊನ್ನೆ ಮೆಂತ್ಯದ ಹಿಟ್ಟು ಕಲಸಿದ ಅನ್ನ ತಿಂದಾಗಲೂ ತುಟಿ ಊದಿಕೊಂಡಿತು. ಕಡಲೆಕಾಯಿ ಹಾಕಿರಲಿಲ್ಲ.
ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಒಳ್ಳೆಯದಾಯಿತು ನೀವು ಗಮನಿಸಿದ್ದು. ಮೆಂತ್ಯ ಮಸಾಲೆ ಡಬ್ಬಿಯಲ್ಲಿದ್ದರೂ ಜಾತಿಯಲ್ಲಿ ಅದು ಕಡಲೆಕಾಯಿ, ಕಡಲೆ, ಅಲಸಂದೆಯ ನೆಂಟ. ಕಡಲೆಕಾಯಿ ಅಲರ್ಜಿ ಇರುವ ಕೆಲವರಿಗೆ ಮೆಂತ್ಯವೂ ಆಗುವುದಿಲ್ಲ, ಇದು ಗೊತ್ತಿರುವ ವಿಷಯ. ಮೆಂತ್ಯದ ಹಿಟ್ಟಿನಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಗೋಧಿ ಎಲ್ಲ ಇರುವುದರಿಂದ ಕಾರಣ ಯಾವುದು ಅಂತ ಮನೆಯಲ್ಲಿ ಪ್ರಯೋಗ ಮಾಡಿ ನೋಡಬೇಡಿ, ಅಲರ್ಜಿ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಮೆಂತ್ಯ ಬಂದ್. ಹೊರಗಿನ ಸಾಂಬಾರ್ ಪುಡಿ, ಕರಿ ಪುಡಿ, ಉಪ್ಪಿನಕಾಯಿ ಎಲ್ಲದರಲ್ಲೂ ಮೆಂತ್ಯ ಇರುತ್ತದೆ, ಪ್ಯಾಕೆಟ್ ಹಿಂದೆ ಓದಿಯೇ ಕೊಡಿ. ಮತ್ತೆ ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದು ಮಾಡುತ್ತ ಹೊತ್ತು ಕಳೆಯಬೇಡಿ.

ಪ್ರಶ್ನೆ: ಮೊಳಕೆ ಬರಿಸಿದರೆ ಕಹಿ ಕಡಿಮೆ, ಸತ್ವ ಜಾಸ್ತಿ ಅಂತಾರೆ. ಹಸಿಯಾಗಿ ತಿನ್ನಬಹುದೇ?
ಓದುಗರು, ಮೈಸೂರು

ಉತ್ತರ: ಕಹಿ ಕಡಿಮೆಯಾಗುವುದು ನಿಜ. ಆದರೆ ನಾನು ಬೇಯಿಸಿಯೇ ತಿನ್ನಿ ಅನ್ನುತ್ತೇನೆ. 2011ರಲ್ಲಿ ಜರ್ಮನಿಯಲ್ಲಿ ಒಂದು ಕೆಟ್ಟ ಜಾತಿಯ ಇ. ಕೋಲೈ ಬ್ಯಾಕ್ಟೀರಿಯ ಹಬ್ಬಿತು. ಸುಮಾರು 4000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನರ ಕಿಡ್ನಿ ಸೋತವು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಗೂಬೆ ಕೂರಿಸಿದರು, ಪಾಪ ಅಲ್ಲಿನ ರೈತರು ಸೌತೆಕಾಯಿ ಮಾರಲಾಗದೆ ಕಂಗಾಲಾದರು. ಆಮೇಲೆ ಹುಡುಕುತ್ತಾ ಹೋದಾಗ ಜರ್ಮನಿಯದೇ ಒಂದು ಮೊಳಕೆಕಾಳಿನ ತೋಟ ಸಿಕ್ಕಿತು, ಅಲ್ಲಿಂದ ಹಿಂದಕ್ಕೆ ಹೋದರೆ ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜ.

ಇದು ಮೆಂತ್ಯದ ದೋಷವಲ್ಲ, ಮೊಳಕೆಯ ದೋಷ. ಬೆಚ್ಚಗೆ, ತೇವವಾಗಿ, ಬಟ್ಟೆ ಕಟ್ಟಿ ಇಟ್ಟರೆ ಕಾಳಿನ ಜೊತೆ ಕ್ರಿಮಿಯೂ ಬೆಳೆಯುತ್ತದೆ. ಹೆಸರುಕಾಳಿನ ಕೋಸಂಬರಿಗೂ ಈ ಮಾತು ಅನ್ವಯ. ಮೊಳಕೆ ಬಂದ ಮೆಂತ್ಯವನ್ನು ಒಗ್ಗರಣೆಗೆ ಹಾಕಿ, ಬಿಸಿ ಹಬೆ ಏಳುವವರೆಗೆ ಬೇಯಿಸಿ, ಈರುಳ್ಳಿ ಬೆಲ್ಲ ಸೇರಿಸಿ ಪಲ್ಯ ಮಾಡಿ, ರುಚಿ ಜಾಸ್ತಿಯೇ ಆಗುತ್ತದೆ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಹಸಿ ಮೊಳಕೆ ಮುಟ್ಟದಿರುವುದೇ ವಾಸಿ.

ಪ್ರಶ್ನೆ: ಜಿಮ್‌ಗೆ ಹೋಗುತ್ತೇನೆ, 24 ವರ್ಷ. ಅಲ್ಲಿನ ಟ್ರೇನರ್ ಮೆಂತ್ಯದ ಕ್ಯಾಪ್ಸೂಲ್ ತಗೋ, ಟೆಸ್ಟೋಸ್ಟೆರಾನ್ ಏರುತ್ತದೆ ಅಂತಾರೆ. ಡಬ್ಬಿಗೆ ಸಾವಿರಕ್ಕೂ ಮೇಲೆ ದುಡ್ಡು. ತಗೊಳ್ಳಲಾ?
ಓದುಗರು, ಕಲಬುರಗಿ

ಉತ್ತರ: ಬೇಡ ತಮ್ಮಾ. ಆ ಕ್ಯಾಪ್ಸೂಲಿನಲ್ಲಿ ಇರುವುದು ಮೆಂತ್ಯದ ಸಾರ, ನಿನ್ನ ಅವ್ವ ಒಗ್ಗರಣೆಗೆ ಹಾಕುವ ಕಾಳಲ್ಲ. ಅದರ ಮೇಲಿನ ಪ್ರಯೋಗಗಳಲ್ಲಿ ಕೆಲವು ಏರಿತು ಅಂದಿವೆ, ಕೆಲವು ಇಲ್ಲ ಅಂದಿವೆ, ಹಲವು ಪ್ರಯೋಗಗಳಿಗೆ ಹಣ ಹಾಕಿದವರು ಅದನ್ನು ಮಾರುವವರೇ. 24ರ ಹುಡುಗನಿಗೆ ಟೆಸ್ಟೋಸ್ಟೆರಾನ್ ಕಡಿಮೆ ಇದೆ ಅಂತ ಯಾರು ಹೇಳಿದರು, ರಕ್ತ ಪರೀಕ್ಷೆ ಮಾಡಿಸಿದ್ದಾರಾ? ಆ ಸಾವಿರಕ್ಕೆ ಮೊಟ್ಟೆ, ಶೇಂಗಾ, ಹಾಲು ತಗೊಂಡು ತಿನ್ನು, ರಾತ್ರಿ ಎಂಟು ತಾಸು ನಿದ್ದೆ ಮಾಡು.

ಪ್ರಶ್ನೆ: ತಲೆಹೊಟ್ಟು, ಕೂದಲು ಉದುರುವುದು ಎರಡಕ್ಕೂ ಮೆಂತ್ಯ ಅರೆದು ಹಚ್ಚುತ್ತೇನೆ. ಕೂದಲು ಮೃದುವಾಗುತ್ತದೆ, ಆದರೆ ಉದುರುವುದು ನಿಂತಿಲ್ಲ.
ಓದುಗರು, ಬೆಂಗಳೂರು

ಉತ್ತರ: ಮೃದುವಾಗುವುದು ಅದೇ ಲೋಳೆಯ ಕೆಲಸ, ಕಂಡೀಷನರ್ ಮಾಡುವುದನ್ನೇ ಅದು ಮಾಡುತ್ತದೆ, ಅದಕ್ಕಾಗಿ ಹಚ್ಚಿ. ಉದುರುವುದನ್ನು ನಿಲ್ಲಿಸುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಹೆಂಗಸರಲ್ಲಿ ಕೂದಲು ಉದುರಿದರೆ ನಾನು ಮೊದಲು ಕೇಳುವುದು ರಕ್ತ ಎಷ್ಟಿದೆ, ಫೆರಿಟಿನ್ (ಮೈಯಲ್ಲಿ ಶೇಖರವಾಗಿರುವ ಕಬ್ಬಿಣದ ಲೆಕ್ಕ) ಎಷ್ಟಿದೆ, ಥೈರಾಯ್ಡ್ ನೋಡಿಸಿದ್ದೀರಾ, ಮೂರು ನಾಲ್ಕು ತಿಂಗಳ ಹಿಂದೆ ಜೋರು ಜ್ವರವೋ ಹೆರಿಗೆಯೋ ಆಗಿತ್ತಾ ಅಂತ. ಹೊಟ್ಟು ತುರಿಸುತ್ತಿದ್ದರೆ ಕೀಟೊಕೊನಜೋಲ್ ಇರುವ ಶಾಂಪೂ ಮೆಂತ್ಯಕ್ಕಿಂತ ಬೇಗ ಕೆಲಸ ಮಾಡುತ್ತದೆ. ಮತ್ತೆ, ಅರೆದದ್ದನ್ನು ಒಣಗುವವರೆಗೆ ಬಿಡಬೇಡಿ, ಆಮೇಲೆ ಆ ಚೂರು ಕೂದಲಿಂದ ಬಿಡಿಸುವಾಗಲೇ ಇನ್ನಷ್ಟು ಕೂದಲು ಕಿತ್ತು ಬರುತ್ತದೆ. ಹೊಟ್ಟು ಯಾವುದು ಮೆಂತ್ಯ ಯಾವುದು ಅಂತಲೂ ಗೊತ್ತಾಗುವುದಿಲ್ಲ!

ಪ್ರಶ್ನೆ: ನಾವು ಮೆಂತ್ಯ ಸೊಪ್ಪು ವಾರಕ್ಕೆ ಮೂರು ನಾಲ್ಕು ದಿನ ತಿನ್ನುತ್ತೇವೆ, ರೊಟ್ಟಿ ಜೊತೆ ಹಸಿಯಾಗಿಯೂ ತಿನ್ನುತ್ತೇವೆ. ಕಾಳು ಬೇರೆ ಬೇಕಾ? ತಂದೆಯವರಿಗೆ ಹೃದಯದ ವಾಲ್ವ್ ಆಪರೇಷನ್ ಆಗಿದೆ, ರಕ್ತ ತೆಳು ಮಾಡುವ ಮಾತ್ರೆ ಇದೆ.
ಓದುಗರು, ಬೆಳಗಾವಿ

ಉತ್ತರ: ಸೊಪ್ಪು ಬೇರೆ, ಕಾಳು ಬೇರೆ. ಸೊಪ್ಪು ಒಳ್ಳೆಯ ತರಕಾರಿ, ಕಬ್ಬಿಣ, ಸುಣ್ಣದ ಅಂಶ, ಕಣ್ಣಿಗೆ ಬೇಕಾದ ಬೀಟಾ ಕ್ಯಾರೋಟಿನ್ ಎಲ್ಲ ಇದೆ, ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಆದರೆ ಆ ಲೋಳೆ ನಾರು ಇರುವುದು ಕಾಳಿನಲ್ಲಿ, ಶುಗರ್ ಪ್ರಯೋಗಗಳು ನಡೆದದ್ದೂ ಹೆಚ್ಚಾಗಿ ಕಾಳಿನ ಮೇಲೆ.

ತಂದೆಯವರ ವಿಷಯ ಬೇರೆಯಾಗಿಯೇ ಹೇಳಬೇಕು. ಅವರ ಮಾತ್ರೆ ವಾರ್ಫರಿನ್ ಅಥವಾ ಅಸಿಟ್ರಾಮ್ ಥರದ್ದಾಗಿದ್ದರೆ ಅದು ವಿಟಮಿನ್ ಕೆ ವಿರುದ್ಧ ಕೆಲಸ ಮಾಡುವ ಮಾತ್ರೆ, ಹಸಿರು ಸೊಪ್ಪಿನಲ್ಲಿ ಇರುವುದು ಅದೇ ವಿಟಮಿನ್ ಕೆ. ಹಾಗಂತ ಸೊಪ್ಪು ಬಿಡಿಸಬೇಡಿ. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಒಂದು ದಿನವೂ ಇಲ್ಲ ಅನ್ನುವ ಏರುಪೇರು ಆಗಬಾರದು ಅಷ್ಟೇ. ಕಾಳನ್ನು ಔಷಧಿಯ ಹಾಗೆ ಜಾಸ್ತಿ ತೆಗೆದುಕೊಂಡರೆ ಉಲ್ಟಾ, ರಕ್ತ ಇನ್ನೂ ತೆಳುವಾಗುವ ಸಾಧ್ಯತೆ ಇದೆ. ಅವರಿಗೆ ಅಡುಗೆಗೆ ಹಾಕುವಷ್ಟೇ ಸಾಕು. ಹೊಸದಾಗಿ ಏನೇ ಶುರು ಮಾಡಿದರೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಕಹಿ ತಾಳಲಾರೆ. ಹುರಿದರೆ ಗುಣ ಹೋಗುತ್ತದಾ?
ಓದುಗರು, ಶಿರಸಿ

ಉತ್ತರ: ನಾರು ಹುರಿದರೂ ಬೇಯಿಸಿದರೂ ಎಲ್ಲಿಗೂ ಹೋಗುವುದಿಲ್ಲ, ಧೈರ್ಯವಾಗಿ ಹುರಿಯಿರಿ. ನಿಮ್ಮ ಕಡೆಯ ತಂಬುಳಿ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಚಮಚ ಮೆಂತ್ಯ, ಸ್ವಲ್ಪ ಜೀರಿಗೆ, ಒಂದು ಒಣಮೆಣಸು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದು, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಡಿ. ಮೆಂತ್ಯ ಕೆಂಪಗಾಗುವವರೆಗೆ ಮಾತ್ರ, ಕಪ್ಪಾದರೆ ಕಹಿ ಎರಡು ಪಟ್ಟು, ಆಗ ಮನೆಯವರು ಯಾರೂ ಮುಟ್ಟುವುದಿಲ್ಲ. ರಾತ್ರಿ ನೆನೆಸಿ ಆ ನೀರು ಚೆಲ್ಲಿದರೂ ಕಹಿ ಸಾಕಷ್ಟು ಇಳಿಯುತ್ತದೆ. ಹೌದು, ನೀರು ಚೆಲ್ಲಿ, ಕಾಳು ತಿನ್ನಿ!

ಒಂದು ಸಣ್ಣ ವಿಷಯ. ಮೆಂತ್ಯದಲ್ಲಿ ಟ್ರೈಗೊನೆಲಿನ್ ಅನ್ನುವ ವಸ್ತು ಇದೆ, ಅದು ಕಾಫಿ ಬೀಜದಲ್ಲೂ ಇದೆ, ಹುರಿದಾಗ ಅದರಲ್ಲಿ ಒಂದಿಷ್ಟು ಬಿ ಗುಂಪಿನ ನಿಯಾಸಿನ್ ವಿಟಮಿನ್ ಆಗುತ್ತದೆ. ಕಾಫಿಯ ಕಹಿಯನ್ನು ದಿನಾ ಲೋಟಗಟ್ಟಲೆ ಕುಡಿಯುವ ನಾವು ಮೆಂತ್ಯಕ್ಕೆ ಮಾತ್ರ ಮುಖ ಸಿಂಡರಿಸುತ್ತೇವೆ.

ಪ್ರಶ್ನೆ: ಮೆಂತ್ಯದ ಪುಡಿ ಬಾಯಿಗೆ ಹಾಕಿ ಒಂದು ಗುಟುಕು ನೀರಿನಲ್ಲಿ ನುಂಗುತ್ತೇನೆ. ಗ್ಯಾಸ್ ಬಹಳ. ನಿಲ್ಲಿಸಲಾ?
ಓದುಗರು, ಹಾಸನ

ಉತ್ತರ: ನುಂಗುವ ರೀತಿ ನಿಲ್ಲಿಸಿ. ಒಣ ಪುಡಿ ನೀರು ಸಿಕ್ಕಿದ ಕಡೆ ಉಬ್ಬುತ್ತದೆ, ಗಂಟಲಲ್ಲೋ ಅನ್ನನಾಳದಲ್ಲೋ ನೀರು ಸಾಲದೆ ಅಂಟಿಕೊಂಡರೆ ಕಷ್ಟ, ವಯಸ್ಸಾದವರಿಗಂತೂ ಬೇಡವೇ ಬೇಡ. ದೊಡ್ಡ ಲೋಟ ಮಜ್ಜಿಗೆಗೆ ಕದಡಿ ಕುಡಿಯಿರಿ, ಇಲ್ಲವೇ ರೊಟ್ಟಿ ಹಿಟ್ಟಿಗೆ ಕಲಸಿ. ಗ್ಯಾಸ್ ಬರುವುದು ಕರುಳಿನ ಬ್ಯಾಕ್ಟೀರಿಯಗಳು ಆ ನಾರನ್ನು ಹುಳಿಸುವುದರಿಂದ. ಕಾಲು ಚಮಚಕ್ಕೆ ಇಳಿಸಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ದಿನವಿಡೀ ನೀರು ಜಾಸ್ತಿ ಕುಡಿಯಿರಿ. ಹಾಗೆ ಮಾಡಿದರೂ ಹೊಟ್ಟೆ ಕೇಳದಿದ್ದರೆ ಬಲವಂತ ಮಾಡಬೇಡಿ, ಲೋಳೆ ನಾರು ಮೆಂತ್ಯದಲ್ಲಿ ಮಾತ್ರ ಇರುವುದಲ್ಲ, ಬೆಂಡೆಕಾಯಿ, ಓಟ್ಸ್, ಇಸಬ್ಗೋಲ್‌ನಲ್ಲೂ ಇದೆ.

ಪ್ರಶ್ನೆ: ದೋಸೆ ಹಿಟ್ಟಿಗೆ ಮೆಂತ್ಯ ಜಾಸ್ತಿ ಹಾಕಿದರೆ ಶುಗರ್‌ಗೆ ಒಳ್ಳೆಯದಾ?
ಓದುಗರು, ಕುಂದಾಪುರ

ಉತ್ತರ: ಮೂರು ನಾಲ್ಕು ಲೋಟ ಅಕ್ಕಿಗೆ ಒಂದು ಚಮಚ ಹಾಕುವುದು ಹಿಟ್ಟು ಚೆನ್ನಾಗಿ ಉಬ್ಬಿ ದೋಸೆ ಕೆಂಪಗೆ ಬರಲು, ಅದರಿಂದ ಶುಗರ್‌ಗೆ ಲೆಕ್ಕಕ್ಕೆ ಬರುವಷ್ಟು ಸಿಗುವುದಿಲ್ಲ. ಎರಡು ಲೋಟ ಅಕ್ಕಿಗೆ ಕಾಲು ಲೋಟ ಮೆಂತ್ಯ ಹಾಕಿ ಮಾಡುವ ಮೆತ್ತನೆಯ ಮೆಂತೆ ದೋಸೆ ಇದೆಯಲ್ಲ, ಅದರಲ್ಲಿ ಮೆಂತ್ಯ ಸಿಗುತ್ತದೆ, ಜೊತೆಗೆ ಅಕ್ಕಿಯೂ ಸಿಗುತ್ತದೆ. ಎರಡು ದೋಸೆಗೆ ನಿಲ್ಲಿಸಿ, ಜೋನಿ ಬೆಲ್ಲ ಬಿಟ್ಟು ಚಟ್ನಿ ಹಾಕಿಕೊಳ್ಳಿ.